ಮೀಸೆಹುಲ್ಲಿನ ಕಂಬಳಿ

ಕಲ್ಲುಗಳು ಇನ್ನೂ ಮೆತ್ತಗಿದ್ದ ಕಾಲ. ಕಾಗಿಣಾ ನದಿಗೆ ಇನ್ನೂ ತನ್ನ ದಾರಿ ಗೊತ್ತಿರದ ಕಾಲ. ಆಗ ಒಂದು ದಿನ ದೇವರು ಎಲ್ಲ ಜೀವಗಳಿಗೂ ಕಾಲು ಹಂಚಲು ಕಟ್ಟೆಯ ಮೇಲೆ ಕುಳಿತ.

ಕುರಿ ಬಂದು ನಾಲ್ಕು ಒಯ್ದಿತು. ಹಕ್ಕಿ ಬಂದು, ರೆಕ್ಕೆ ಇದೆಯಲ್ಲ, ಎರಡೇ ಸಾಕು ಎಂದಿತು. ಸಾವಿರಕಾಲಿನ ಹುಳ ಮಾತ್ರ ನಾಚಿಕೆಯಿಲ್ಲದೆ ಚೀಲ ಹಿಡಿದುಕೊಂಡೇ ಬಂದು, ಉಳಿದದ್ದನ್ನೆಲ್ಲ ತುಂಬಿಕೊಂಡು ಹೋಯಿತು. ಎಲ್ಲ ಮುಗಿದ ಮೇಲೆ ಹುಲ್ಲು ಬಂತು.

"ಇಷ್ಟು ತಡ ಯಾಕ ಮಾಡ್ದಿ?" ಎಂದು ದೇವರು ಕೇಳಿದ.

"ಕಾಲಿಲ್ಲದಾಕಿ ಜಲ್ದಿ ಹೆಂಗ ಬರ್ಲಿ?" ಎಂದಿತು ಹುಲ್ಲು.

ದೇವರು ಪೆಚ್ಚಾಗಿ ಮೀಸೆ ತಿರುವಿದ. ಒಂದು ಕೂದಲು ಕಿತ್ತು ಕೈಗೆ ಬಂತು. "ತಗೋ, ಇದನ್ನ ನಿನ್ನ ಬೀಜಕ್ಕ ಕಟ್ಟು. ನೀರು ತಾಗಿದ್ರ ತಾನೇ ತಿರುಗ್ತದ, ತಿರುಗಿ ನೆಲದಾಗ ಹೊಕ್ಕೋತದ. ಖರೆ, ಒಂದು ಮಾತು ನೆಪ್ಪಿಟ್ಕೋ. ಇದು ಮುಂದಕ್ಕ ಹೋಗ್ತದ, ಹಿಂದಕ್ಕ ಬರಂಗಿಲ್ಲ."

"ಹಿಂದ ನನಗ ಯಾರಿದ್ದಾರ?" ಎಂದಿತು ಹುಲ್ಲು.

ಈ ಕತೆಯನ್ನು ಶಿವಕಾಂತಮ್ಮ ಆಯಿ ತನ್ನ ಮೊಮ್ಮಗಳು ಶೈಲಶ್ರೀಗೆ ಎಷ್ಟು ಸಲ ಹೇಳಿದ್ದಳೋ! ಹೇಳುವಾಗಲೆಲ್ಲ ಇಬ್ಬರೂ ಒಂದೇ ಕರಿ ಕಂಬಳಿಯೊಳಗೆ. ಕೈಮಗ್ಗದಲ್ಲಿ ನೇಯ್ದ ಒರಟು ಉಣ್ಣೆಯ ಕಂಬಳಿ. ಒಲೆಯ ಹೊಗೆ, ವಿಭೂತಿ, ಆಯಿಯ ಮೈವಾಸನೆ ಮೂರೂ ಅದರಲ್ಲಿ ಬೆರೆತಿದ್ದವು. ಕತೆಯ ಕೊನೆಗೆ ಆಯಿ ಬೆರಳನ್ನು ಬೀಜದಂತೆ ತಿರುವುತ್ತ ಮೊಮ್ಮಗಳ ಕೆನ್ನೆಗೆ ಚುಚ್ಚುತ್ತಿದ್ದಳು. ಶೈಲಶ್ರೀ ಕಿಲಕಿಲ ನಕ್ಕು ಕಂಬಳಿಯ ಆಳಕ್ಕೆ ಜಾರುತ್ತಿದ್ದಳು.

ಅವರ ಊರು ವಾಡಿಗೂ ಚಿತ್ತಾಪುರಕ್ಕೂ ನಡುವೆ. ಊರ ಮಗ್ಗುಲಲ್ಲಿ ಗಾಯರಾಣ, ಅಂದರೆ ಎಲ್ಲರ ದನಕುರಿ ಮೇಯಲು ಬಿಟ್ಟ ಇಳಿಜಾರು ಬಯಲು. ಆಯಿ ಮದುವೆಯಾಗಿ ಬಂದಾಗ ಅಲ್ಲಿ ಸೊಂಟದೆತ್ತರ ಮೀಸೆಹುಲ್ಲು ಇತ್ತಂತೆ. ಆಮೇಲೆ ಒಂದು ಮಗ್ಗುಲನ್ನು ಫರಸಿ ಕಲ್ಲಿನ ಗಣಿ, ಊರವರ ಬಾಯಲ್ಲಿ ಖಣಿ, ತಿಂದಿತು. ಉಳಿದದ್ದನ್ನು ಬಳ್ಳಾರಿ ಜಾಲಿ ಮುಚ್ಚಿತು. ಊರವರು ಕೂಡಿ ಜಾಲಿ ಕಡಿದರು, ಬೇರು ಕಿತ್ತರು, ಪೇಟೆಯಿಂದ ಬೇರೆ ಹುಲ್ಲಿನ ಬೀಜ ತಂದು ಚೆಲ್ಲಿದರು. ಹಾಸುಗಲ್ಲಿನ ಮೇಲೆ ಇದ್ದದ್ದು ಗೇಣು ಮಣ್ಣು. ಮೊದಲ ದೊಡ್ಡ ಮಳೆಗೆ ಬೀಜವೂ ಮಣ್ಣೂ ಕೂಡಿ ಖಣಿಯ ಗುಂಡಿ ಸೇರಿದವು. ಅಲ್ಲಿ ನಿಲ್ಲಬೇಕಾದರೆ ಬೀಜ ತಾನೇ ನೆಲ ಕೊರೆದುಕೊಂಡು ಕೂರಬೇಕಿತ್ತು. ಹಾಗೆ ಕೂರಬಲ್ಲದ್ದು ಮೀಸೆಹುಲ್ಲು. ಅದು ಸುತ್ತಲಿನ ಯಾವ ಊರಿನಲ್ಲೂ ಉಳಿದಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಶೈಲಶ್ರೀ ಸೇಡಂ ಕಾಲೇಜಿಗೆ ಹೊರಟು ನಿಂತಾಗ ಆಯಿ ಅವಳ ಕೈ ಹಿಡಿದುಕೊಂಡಿದ್ದಳು.

"ಗಾಯರಾಣದಾಗ ಆ ಹುಲ್ಲು ಮತ್ತ ಊರ್ತಿ ಹೌದಿಲ್ಲೊ?"

"ಊರ್ತೀನಿ ಬಿಡು ಆಯಿ. ಬಸ್ಸು ಹೋಗ್ಲಿಕತ್ತದ ನಂದು."

ಅಷ್ಟೇ ಮಾತು. ವಾರದೊಳಗೆ ಆಯಿ ಹೋದಳು. ಸುದ್ದಿ ಕೇಳಿ ಶೈಲಶ್ರೀ ಓಡಿಬಂದರೆ ದಂಡೋತಿಯ ಹತ್ತಿರ ಕಾಗಿಣಾ ನದಿ ಸೇತುವೆಯ ಮೇಲೇ ಹರಿಯುತ್ತಿತ್ತು. ಕೆಂಪು ನೀರಿನ ಆಚೆ ದಂಡೆಯಲ್ಲಿ ಅವಳು ನಿಂತೇ ಇದ್ದಳು. ಈಚೆ ಗಾಯರಾಣದ ಬದುವಿನಲ್ಲಿ ಆಯಿಯನ್ನು ಕುಳಿತ ಭಂಗಿಯಲ್ಲೇ ಕುಣಿಗೆ ಇಳಿಸಿದರು. ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಕೊಟ್ಟರು. ಅವರ ಕಡೆ ಅದೇ ಕೊನೆಯ ಋಣ.

ನೀರಿಳಿದು ಅವಳು ಊರು ಮುಟ್ಟಿದಾಗ ಮಠದ ಗುರುಲಿಂಗಯ್ಯನವರು ಮೆಲ್ಲಗೆ ಹೇಳಿದರು. "ಎಲ್ಲರದೂ ಆತು. ನಿಂದೊಂದು ಹಿಡಿ ಉಳೀತವ್ವ."

ಅವಳು ಓಡಿಹೋಗಿ ಸಮಾಧಿಯ ಮೇಲೆ ಹಿಡಿ ಮಣ್ಣು ಹಾಕಿದಳು. ಮತ್ತೆ ಮಳೆ ಹೊಡೆಯಿತು. ಬೋಳು ಇಳಿಜಾರಿನಲ್ಲಿ ಹರಿದು ಬಂದ ನೀರು ಆ ಹಿಡಿಯನ್ನು ಅವಳ ಕಣ್ಣೆದುರೇ ತೊಳೆದುಕೊಂಡು ಖಣಿಯ ಕಡೆಗೆ ಹೋಯಿತು.

ಅವತ್ತೇ ಅವಳು ನಿರ್ಧರಿಸಿದಳು. ಹುಲ್ಲು ತರಬೇಕು.

ಮಾಗಿಯ ಚಳಿ ಶುರುವಾದಾಗ ದಾರಿಯೂ ಕಂಡಿತು. ಚಿಮ್ಮನಚೋಡದ ಗೆಳತಿ ಪ್ರೀತಿ ಫೋನ್ ಮಾಡಿದ್ದಳು. ಚಂದ್ರಂಪಳ್ಳಿ ಜಲಾಶಯದ ಆಚೆ, ಗುಡ್ಡದ ನೆತ್ತಿಯ ಬಯಲಿನಲ್ಲಿ ಅಂಥ ಹುಲ್ಲು ಇದೆಯೆಂದು ಅವಳ ದೊಡ್ಡಪ್ಪ ಹೇಳುತ್ತಾನಂತೆ.

ಹೊರಡುವ ಮುನ್ನ ಶೈಲಶ್ರೀ ಕುರಿಗಾರ ಭೀಮಶಾನನ್ನು ಕಂಡಳು. ಮುದುಕ ಕೇಳಿದ್ದೇ ಉರಿದುಬಿದ್ದ.

"ಆ ಚಂಡಾಲ ಹುಲ್ಲು ತರ್ಲಿಕ್ಕ ಹೊಂಟೀಯೇನ? ನಮ್ಮಪ್ಪನ ಕಾಲದಾಗ ಅದು ಕುರಿ ಚರ್ಮದಾಗ ಹೊಕ್ಕು ಹೈರಾಣ ಮಾಡಿತ್ತು. ಜಗ್ಗಿದ್ರ ಮುರೀತದ. ಮುಂದ ದೂಡಿ ಆ ಕಡಿಂದ ತೆಗೀಬೇಕು."

"ಮೀಸೆ ಬರೋಕ ಮುಂಚೆ ಮೇಸಿದ್ರ?"

"ಆಗ ಅದರಂಥ ಮೇವು ಇಲ್ಲ," ಎಂದ ಭೀಮಶಾ ಒಲ್ಲದ ಮನಸ್ಸಿನಿಂದ. ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡ. "ಚೀಲದಾಗ ಹಿಡಿಯೋ ಬೀಜಲ್ಲ ಅದು. ಒರಟು ಕಂಬಳಿ ಎಳಿ ಅದರ ಮ್ಯಾಲ. ತಾನೇ ಹತ್ಕೋತದ. ಪ್ಯಾಟಿ ಚಾದರ ನಡೆಂಗಿಲ್ಲ ಮತ್ತ. ಹಾಂ, ಹಸಿ ಆಗಗೊಡಬ್ಯಾಡ."

ಮನೆಯಲ್ಲಿದ್ದ ಒರಟು ಕಂಬಳಿ ಒಂದೇ. ಶೈಲಶ್ರೀ ಅದನ್ನು ಮುಖಕ್ಕೆ ಒತ್ತಿಕೊಂಡಳು. ಆಯಿ ಇನ್ನೂ ಅದರಲ್ಲಿದ್ದಳು.

ಚಂದ್ರಂಪಳ್ಳಿಯ ನೀರು ಬೆಳಗಿನ ಮಂಜಿನಲ್ಲಿ ಬೂದಿ ಬಣ್ಣಕ್ಕಿತ್ತು. ದಡದಲ್ಲಿ ಪ್ರೀತಿಯ ದೊಡ್ಡಪ್ಪ ತಮ್ಮಣ್ಣ ತೆಪ್ಪ ಹಿಡಿದು ಕಾಯುತ್ತಿದ್ದ. ಮೀನು ಹಿಡಿದು ಗಟ್ಟಿಯಾದ ಕೈ, ಸದಾ ಚೇಷ್ಟೆಯ ಕಣ್ಣು. ಪಕ್ಕದಲ್ಲಿ ಅರಣ್ಯ ಕಾವಲುಗಾರ ಭಗವಂತ, ಹೆಗಲಿಗೆ ಹಗ್ಗದ ಸುರುಳಿ.

"ಹುಲ್ಲಿಗಾಗಿ ಇಷ್ಟು ದೂರ ಬಂದೀಯಲ್ಲವ್ವ, ನಿಮ್ಮೂರ ದನ ಅಷ್ಟು ಉಪಾಸ ಅವ ಏನ?" ಎಂದ ತಮ್ಮಣ್ಣ.

"ದೊಡ್ಡಪ್ಪ, ನೀ ತೆಪ್ಪದ ತೂತು ನೋಡ್ಕೋ," ಎಂದಳು ಪ್ರೀತಿ.

ಭಗವಂತ ನಗಲಿಲ್ಲ. "ಸಾಹೇಬ್ರು ಒಪ್ಪಿಗಿ ಕೊಟ್ಟಾರ. ಬೀಜ ಅಷ್ಟೇ. ಬೇರು ಮುಟ್ಟಂಗಿಲ್ಲ, ಬೆಂಕಿ ಹಚ್ಚಂಗಿಲ್ಲ. ನಾ ನಿಂದ್ರು ಅಂದ್ರ ನಿಂದ್ರಬೇಕು. ತಿಳೀತಿಲ್ಲ?"

"ತಿಳೀತು ಕಾಕಾ."

ಶೈಲಶ್ರೀ ತೆಪ್ಪಕ್ಕೆ ಕಾಲಿಟ್ಟಳು. ಅದು ಅಲುಗಿತು. ಕಾಗಿಣಾದ ಕೆಂಪು ನೀರು ಕಣ್ಣ ಮುಂದೆ ಬಂತು. ಕಂಬಳಿಯ ಗಂಟನ್ನು ಎದೆಗವಚಿ ಕಣ್ಣು ಮುಚ್ಚಿದಳು. ಆಚೆ ದಡ ಮುಟ್ಟುವವರೆಗೂ ತೆರೆಯಲಿಲ್ಲ.

"ದಂಡಿ ಬಂತು, ಕಣ್ಣು ತೆಗಿ ತಂಗಿ," ಎಂದ ತಮ್ಮಣ್ಣ, ಈ ಸಲ ಚೇಷ್ಟೆ ಬಿಟ್ಟು. "ನೀರು ನಿನಗ ಏನೋ ಮಾಡ್ಯದ. ಇರ್ಲಿ. ನಾ ಇಲ್ಲೇ ಇರ್ತೀನಿ, ನೀವು ಬರೋತನ."

ಮೂವರೂ ಏರತೊಡಗಿದರು. ದಾರಿಯೆಂದರೆ ಮಳೆನೀರು ಕೊರೆದ ಕೊರಕಲು. ಎರಡೂ ಬದಿಗೆ ತೇಗದ ಮರಗಳು ಅಂಗೈಯಗಲದ ಒಣ ಎಲೆಗಳನ್ನು ಉದುರಿಸಿದ್ದವು. ಕಾಲಿಟ್ಟರೆ ಹಪ್ಪಳ ಮುರಿದಂತೆ ಸದ್ದು. ಮೇಲೆ ಹೋದಂತೆ ತೇಗ ಹಿಂದುಳಿದು ಮುತ್ತಲ ಬಂತು, ಮುತ್ತಲ ಹೋಗಿ ಗಿಡ್ಡ ಮುಳ್ಳುಪೊದೆ ಬಂತು, ಮಣ್ಣು ಇಟ್ಟಿಗೆಗೆಂಪಾಯಿತು. ತಿರುಗಿ ನೋಡಿದರೆ ಜಲಾಶಯ ಕೆಳಗೆ ಯಾರೋ ಮರೆತು ಹೋದ ಕನ್ನಡಿಯಂತೆ ಬಿದ್ದಿತ್ತು. ತಮ್ಮಣ್ಣನ ತೆಪ್ಪ ಅದರ ಅಂಚಿನಲ್ಲೊಂದು ಬೊಟ್ಟು. ಈ ಕಾಡಿನಲ್ಲೇ ಎಲ್ಲೋ ಆಯಿಯ ಕತೆಯ ದೇವರು ಕುಳಿತಿರಬೇಕು, ಕಾಲು ಹಂಚಿ ಹಂಚಿ ಸೋತು ಮಲಗಿರಬೇಕು ಎಂದುಕೊಂಡಳು ಶೈಲಶ್ರೀ.

"ಏ ಕನಸಿನ ರಾಣಿ, ಕಾಲಾಗ ನೋಡು!" ಪ್ರೀತಿ ಅವಳ ಜಡೆ ಹಿಡಿದು ಜಗ್ಗಿದಳು. ಒಂದು ಹೆಜ್ಜೆ ಮುಂದೆ ಕೊರಕಲು ಬಾಯಿ ತೆರೆದಿತ್ತು.

ಬಿಸಿಲು ನೆತ್ತಿಗೇರುವ ಹೊತ್ತಿಗೆ ಅವರು ಬಯಲು ಮುಟ್ಟಿದರು.

ಬಯಲು ಕಪ್ಪಗಿತ್ತು.

ಇಲ್ಲಿಂದ ಅಲ್ಲಿಯವರೆಗೆ ಬರೀ ಬೂದಿ. ಗಾಳಿ ಬೀಸಿದಾಗ ಅದು ಎದ್ದು ಅವರ ಮೊಣಕಾಲಿಗೆ ಸುತ್ತಿ ಮತ್ತೆ ಮಲಗುತ್ತಿತ್ತು. ಒಂದು ಮೊಲದ ಮರಿ ಸುಟ್ಟು ಕಲ್ಲಿಗೆ ಅಂಟಿತ್ತು. ಪ್ರೀತಿ ಮುಖ ತಿರುಗಿಸಿದಳು.

ಭಗವಂತ ಕುಕ್ಕರಗಾಲಲ್ಲಿ ಕುಳಿತು ಬೂದಿಯನ್ನು ಅಂಗೈಗೆ ತೆಗೆದುಕೊಂಡ. "ಮೊನ್ನೆ ನಾ ಆ ಕಡಿ ಗುಡ್ಡಕ್ಕ ಹೋಗಿದ್ದೆ. ಯಾರೋ ಜೇನು ಬಿಡಸ್ಲಿಕ್ಕ ಬಂದು ಹೊಗಿ ಹಾಕ್ಯಾರ." ಅವನು ಬೂದಿಯನ್ನು ಗಾಳಿಗೆ ಬಿಟ್ಟ. "ಎದಿಮಟ್ಟ ಎತ್ತರದ ಹಕ್ಕಿ ಇತ್ತಂತ ಇಲ್ಲಿ. ನಮ್ಮಪ್ಪ ನೋಡಿದ್ದ. ನನಗ ಹಕ್ಕಿ ಸಿಗಲಿಲ್ಲ, ಹುಲ್ಲರ ಸಿಕ್ಕದ ಅಂತ ಕಾಯ್ಕೊಂಡು ಕುಂತಿದ್ದೆ."

"ಇನ್ನ ಇಳಿಯೂಣೇನು?" ಪ್ರೀತಿ ಮೆಲ್ಲಗೆ ಕೇಳಿದಳು.

ಶೈಲಶ್ರೀ ಮುಖ ಮೇಲೆತ್ತಿದಳು. ಅಳು ಬಂದಾಗ ಅವಳು ಆಕಾಶ ನೋಡುತ್ತಾಳೆ, ಚಿಕ್ಕಂದಿನಿಂದ ಹಾಗೆ. ಆಕಾಶದಲ್ಲಿ ಒಂದು ಪುಟ್ಟ ಕಂದು ಹಕ್ಕಿ ನೇರ ಮೇಲಕ್ಕೇರಿ, ಒಂದೇ ಕಡೆ ರೆಕ್ಕೆ ಬಡಿಯುತ್ತ ಹಾಡುತ್ತಿತ್ತು. ಹಾಡು ಮುಗಿಸಿ ಕಲ್ಲು ಬಿದ್ದಂತೆ ದೂರದಲ್ಲಿ ಇಳಿಯಿತು. ಮತ್ತೆ ಏರಿತು. ಮತ್ತೆ ಅಲ್ಲೇ ಇಳಿಯಿತು.

"ಕಾಕಾ, ಅದು ಬೂದಿ ಮ್ಯಾಲ ಗೂಡು ಕಟ್ತದೇನು?"

ಭಗವಂತ ತಲೆಯೆತ್ತಿದ. ನೋಡಿದ. ಎದ್ದು ನಿಂತ.

"ನಡ್ರಿ!"

ಬಯಲಿನ ಕೊನೆಗೆ ಗುಡ್ಡ ಸೀಳಿತ್ತು. ಸೀಳಿನ ಆಚೆಗೆ ನಾಲಿಗೆಯಂತೆ ಚಾಚಿದ ಬಂಡೆ. ಬೆಂಕಿ ಸೀಳು ದಾಟಿರಲಿಲ್ಲ. ಬಂಡೆಯ ಮೇಲೆ, ಬಿಸಿಲಿನಲ್ಲಿ ತಾಮ್ರದಂತೆ ಹೊಳೆಯುತ್ತ, ಸೊಂಟದೆತ್ತರದ ಹುಲ್ಲು.

ದಾಟಲು ಇದ್ದದ್ದು ಒಂದು ಕಿರಿದಾದ ಕಲ್ಲಿನ ಕುತ್ತಿಗೆ. ಎರಡೂ ಕಡೆ ಪ್ರಪಾತ. ಭಗವಂತ ಹಗ್ಗವನ್ನು ಈಚೆಯ ಒಂದು ಕಲ್ಲಿಗೆ ಬಿಗಿದ.

"ಕೆಳಗ ನೋಡಬ್ಯಾಡ್ರಿ. ಕುಂತು ಸರೀರಿ."

ಮೊದಲು ಭಗವಂತ. ಆಮೇಲೆ ಪ್ರೀತಿ, ಸಿಕ್ಕ ದೇವರನ್ನೆಲ್ಲ ಕರೆಯುತ್ತ. ಕೊನೆಗೆ ಶೈಲಶ್ರೀ. ಒಂದು ಕಲ್ಲು ಅವಳ ಹಿಮ್ಮಡಿಯಡಿ ಕಳಚಿತು. ಬಹಳ ಹೊತ್ತಿನ ಮೇಲೆ ಕೆಳಗೆ ಎಲ್ಲೋ ಟಕ್ ಎಂದಿತು. ಅವಳು ಸರಿದಳು. ಇನ್ನೊಂದು ಗೇಣು. ಇನ್ನೊಂದು. ಭಗವಂತನ ಕೈ ಸಿಕ್ಕಿತು.

ಆಚೆ ನಿಂತು ಅವಳು ಒಂದು ತೆನೆ ಕಿತ್ತಳು. ತುದಿಯಲ್ಲಿ ಕಂದು ಮೀಸೆಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು, ಮುದುಕರು ಕೂಡಿ ಗುಟ್ಟು ಮಾತಾಡಿದ ಹಾಗೆ. ಒಂದು ಬೀಜ ಬಿಡಿಸಿ ನಾಲಿಗೆಗೆ ತಾಗಿಸಿ ಅಂಗೈ ಮೇಲಿಟ್ಟಳು. ಮೀಸೆ ನಡುಗಿತು. ಮೆಲ್ಲಗೆ ತಿರುಗಿತು.

"ಆಯಿ ಸುಳ್ಳು ಹೇಳಿರಲಿಲ್ಲ," ಎಂದಳು. ಅಷ್ಟು ಹೇಳಿ ಅಲ್ಲೇ ಕುಳಿತು ಅತ್ತಳು. ಪ್ರೀತಿ ಪಕ್ಕದಲ್ಲಿ ಕುಳಿತು ಖಡಕ್ ರೊಟ್ಟಿ ಮುರಿದು ಶೇಂಗಾ ಹಿಂಡಿ ಹಚ್ಚಿ ಅವಳ ಬಾಯಿಗಿಟ್ಟಳು.

ಆಮೇಲೆ ಕೆಲಸ. ಕಂಬಳಿಯ ಒಂದೊಂದು ತುದಿ ಒಬ್ಬೊಬ್ಬರು ಹಿಡಿದು ಹುಲ್ಲಿನ ತಲೆಯ ಮೇಲೆ ಎಳೆದರು. ಸರ್‍ರ್ ಎಂಬ ಸದ್ದು. ಉಣ್ಣೆಗೆ ಬೀಜಗಳು ತಾವಾಗಿ ಹತ್ತಿದವು. ಎಳೆದಷ್ಟೂ ಕಂಬಳಿ ಭಾರವಾಯಿತು, ಮೈಮೇಲೆ ಕಂದು ಕೂದಲು ಬಂದ ಪ್ರಾಣಿಯಂತಾಯಿತು.

"ಸಾಕು," ಎಂದ ಭಗವಂತ. "ಅರ್ಧ ಇರ್ಲಿ. ಸುಟ್ಟ ಬಯಲಿಗೂ ಬೀಜ ಬೇಕಲ್ಲ."

ಶೈಲಶ್ರೀ ಕಂಬಳಿಯನ್ನು ಸುರುಳಿ ಸುತ್ತಿ, ಮೇಲೆ ಪ್ಲಾಸ್ಟಿಕ್ ತಾಡಪತ್ರಿ ಹೊದಿಸಿ ಬಿಗಿದಳು. ಹೊತ್ತು ಮುಳುಗಿದ್ದರಿಂದ ಇರುಳನ್ನು ಅವರು ಬಂಡೆಯ ಮರೆಯಲ್ಲಿ ಕಳೆದರು.

ಬೆಳಗಿನ ಜಾವ ಭಗವಂತ ಅವಳ ಭುಜ ಮುಟ್ಟಿ ಸೀಳಿನ ಕಡೆ ತೋರಿಸಿದ. ಬೂದಿಯ ಬಯಲಿನಲ್ಲಿ ಒಂಟಿ ತೋಳ. ಮೂಗು ನೆಲಕ್ಕಿಟ್ಟು ಹುಡುಕುತ್ತಿತ್ತು, ನಿಂತಿತು, ಮುಂಗಾಲಿನಿಂದ ಒಂದು ಜಾಗ ಕೆರೆಯಿತು, ಮತ್ತೆ ಹುಡುಕಿತು.

"ಅದರ ಬಿಲ ಆ ಹುಲ್ಲಿನಾಗೇ ಇತ್ತು," ಎಂದ ಭಗವಂತ. "ಮರೀನೂ ಇದ್ದವು."

ಅಷ್ಟರಲ್ಲಿ ಪೂರ್ವದಲ್ಲಿ ಸೂರ್ಯನ ಬದಲು ಮೋಡ ಮೂಡಿತು. ಚಳಿಗಾಲದ ಮೋಡ, ಯಾರೂ ಕರೆಯದ ಮೋಡ.

"ಇಳೀರಿ. ಜಲ್ದಿ ಇಳೀರಿ!"

ಕಲ್ಲಿನ ಕುತ್ತಿಗೆ ದಾಟಿದರು. ಬೂದಿ ದಾಟಿದರು. ಕೊರಕಲಿನ ಬಾಯಿ ಮುಟ್ಟುವಾಗ ಮೊದಲ ಹನಿಗಳು ಬಿದ್ದವು. ಆಮೇಲೆ ಹನಿಯಲ್ಲ, ಕೊಡದಿಂದ ಸುರಿದಂತೆ. ಕೆಂಪು ಮಣ್ಣು ಬೆಣ್ಣೆಯಾಯಿತು. ಕೊರಕಲಿನ ತಳದಲ್ಲಿ ನೀರು ಗುಡುಗುತ್ತ ಏರತೊಡಗಿತು.

ಭಗವಂತ ದಾರಿ ನೋಡಲು ಹಗ್ಗದೊಂದಿಗೆ ಮುಂದೆ ಇಳಿದಿದ್ದ. ತಿರುವಿನಲ್ಲಿ ಮರೆಯಾದ.

"ಶೈಲಾ!"

ಪ್ರೀತಿ ಜಾರಿದ್ದಳು. ಅಂಚಿನಿಂದ ಕೆಳಗೆ, ಒಂದು ಬೇರಿಗೆ ಜೋತು ಬಿದ್ದಿದ್ದಳು. ಪಾದದಡಿ ನೀರು ನೊರೆಗಟ್ಟುತ್ತಿತ್ತು. ಬೇರು ಮಣ್ಣಿನಿಂದ ಎದ್ದು ಬರುತ್ತಿತ್ತು.

ಶೈಲಶ್ರೀ ಕೈ ಚಾಚಿದಳು. ಎಟುಕಲಿಲ್ಲ. ಕೊಂಬೆ ಹುಡುಕಿದಳು. ಸಿಗಲಿಲ್ಲ.

ಅವಳ ಬೆನ್ನ ಮೇಲೆ ಕಂಬಳಿ ಇತ್ತು.

ತಾಡಪತ್ರಿ ಹರಿದಳು. ಗಂಟು ಬಿಚ್ಚಿದಳು. ಒಂದು ತುದಿಯನ್ನು ಪಕ್ಕದ ಮುತ್ತಲದ ಬುಡಕ್ಕೆ ಸುತ್ತಿ ಹಿಡಿದು, ಇನ್ನೊಂದನ್ನು ಮಳೆಯೊಳಗೆ ಎಸೆದಳು.

"ಹಿಡಿ ಪ್ರೀತಿ! ಹಿಡ್ಕೋ!"

ಬೇರು ಕಿತ್ತುಬಂತು. ಅದೇ ಕ್ಷಣ ಪ್ರೀತಿಯ ಕೈ ಕಂಬಳಿ ಹಿಡಿಯಿತು. ಉಣ್ಣೆ ನರಳಿತು. ಹರಿಯಲಿಲ್ಲ. ಶೈಲಶ್ರೀ ಮರಕ್ಕೆ ಕಾಲು ಕೊಟ್ಟು ಎಳೆದಳು, ಹಲ್ಲು ಕಚ್ಚಿ ಎಳೆದಳು. ಕೂಗು ಕೇಳಿ ಓಡಿಬಂದ ಭಗವಂತ ಅವಳ ಹಿಂದೆ ನಿಂತು ಎಳೆದ. ಕೆಸರಿನ ಮುದ್ದೆಯಾಗಿ ಪ್ರೀತಿ ಮೇಲೆ ಬಂದಳು. ಕಾಲು ಉಳುಕಿತ್ತು. ಕೈತುಂಬ ಹುಲ್ಲುಬೀಜ ಚುಚ್ಚಿ ರಕ್ತ ಒಸರುತ್ತಿತ್ತು.

"ನಿಮ್ಮ ಆಯಿ ಕಂಬಳಿ ಭಾಳ ಚುಚ್ಚತದ ಲೇ," ಎಂದು ನಗಲು ಹೋಗಿ ಅವಳು ಅತ್ತುಬಿಟ್ಟಳು.

ಭಗವಂತ ಅವಳನ್ನು ಬೆನ್ನ ಮೇಲೆ ಹೊತ್ತ. ದಡದಲ್ಲಿ ತಮ್ಮಣ್ಣ ನಿಂತೇ ಇದ್ದ, ಮಾತು ಕೊಟ್ಟಂತೆ, ತೆಪ್ಪದ ಹಗ್ಗವನ್ನು ಸೊಂಟಕ್ಕೆ ಬಿಗಿದುಕೊಂಡು. ಜಲಾಶಯದ ಮೇಲೆ ಅಲೆಗಳೆದ್ದಿದ್ದವು.

"ಕುಂದ್ರಿ! ನಡುವ ಕುಂದ್ರಿ! ಭಗವಂತಪ್ಪ, ನೀರು ಹೊರಗ ಚೆಲ್ಲು!"

ತೆಪ್ಪ ಬುಗುರಿಯಂತೆ ತಿರುಗಿತು. ಅಲೆ ಒಳಗೆ ಬಂತು. ಭಗವಂತ ತಗಡಿನ ಡಬ್ಬಿಯಿಂದ ಚೆಲ್ಲಿದ. ಶೈಲಶ್ರೀ ಈ ಸಲ ಕಣ್ಣು ಮುಚ್ಚಲಿಲ್ಲ. ಒದ್ದೆ ಕಂಬಳಿಯನ್ನು ಎದೆಗೆ ಒತ್ತಿಕೊಂಡು ಎದುರಿನ ದಂಡೆಯನ್ನೇ ನೋಡಿದಳು. ಒಂದು ದಂಡೆಯಲ್ಲಿ ನಿಂತು ಕಳೆದುಕೊಂಡದ್ದು ಸಾಕಾಗಿತ್ತು.

ಆಗ ಎದೆಯಲ್ಲಿ ಏನೋ ಚುಚ್ಚಿತು. ಒಂದಲ್ಲ, ನೂರು. ಬಗ್ಗಿ ನೋಡಿದಳು. ಕಂಬಳಿ ಅಲುಗಾಡುತ್ತಿತ್ತು. ನೀರು ಕುಡಿದ ಮೀಸೆಗಳೆಲ್ಲ ತಿರುಗುತ್ತಿದ್ದವು. ಬೀಜಗಳು ನೆಲವೆಂದು ತಿಳಿದು ಆಯಿಯ ಕಂಬಳಿಯನ್ನೇ ಕೊರೆಯುತ್ತಿದ್ದವು.

ಅವಳು ಒಂದನ್ನು ಹಿಡಿದು ಜಗ್ಗಿದಳು. ಮೀಸೆ ಕೈಗೆ ಬಂತು, ಬೀಜ ಉಣ್ಣೆಯಲ್ಲೇ ಉಳಿಯಿತು. ಇನ್ನೊಂದು. ಅದೂ ಹಾಗೆಯೇ.

"ಎಲ್ಲಾ ಹೋತು," ಎಂದಳು. ಮಳೆಯ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಊರಲ್ಲಿ ಭೀಮಶಾ ಕಂಬಳಿಯನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದ. ಬೀಜಗಳು ಒಂದು ಮಗ್ಗುಲಿಂದ ಹೊಕ್ಕು ಇನ್ನೊಂದು ಮಗ್ಗುಲಿಗೆ ಮೂತಿ ಚಾಚಿ ನಿಂತಿದ್ದವು.

"ತೆಗೀಬಹುದೇನು ಮುತ್ಯಾ?"

"ಕುರಿ ಆದ್ರ ತೆಗೀತಿದ್ದೆ. ಇದರಾಗಿಂದ ಆಗಂಗಿಲ್ಲ, ಮೂತಿ ಹಿಡಿದು ಜಗ್ಗಿದ್ರ ಮೀಸೆ ಎಳಿಯಾಗ ಸಿಕ್ಕು ಮುರೀತದ." ಅವನು ಕಂಬಳಿಯನ್ನು ಮಡಿಸಿ ಅವಳ ಕೈಗಿಟ್ಟ. "ಶಿವಕಾಂತಕ್ಕನ ಕಂಬಳಿ. ನಮ್ಮಪ್ಪನ ಕುರಿ ಉಣ್ಣಿ ಇದು. ಇಟ್ಕೋ. ಬೀಜ ಮರ್ತುಬಿಡು. ಇಲ್ಲಾಂದ್ರ..."

ಮುದುಕ ಮಾತು ನುಂಗಿದ. ನುಂಗಿದ್ದು ಏನೆಂದು ಅವಳಿಗೆ ಗೊತ್ತಾಯಿತು. ಮುಂದಕ್ಕೆ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಬೀಜ ಬೇಕಾದರೆ ಕಂಬಳಿಯನ್ನೇ ಮಣ್ಣಿಗೆ ಕೊಡಬೇಕು.

"ಒಲ್ಲೆ," ಎಂದಳು ಶೈಲಶ್ರೀ, ಯಾರೂ ಕೇಳದಿದ್ದರೂ.

ಕಂಬಳಿ ಮನೆಯ ಗೂಟದಲ್ಲಿ ತೂಗಿತು. ಹೊದೆಯುವಂತಿರಲಿಲ್ಲ, ಮೈಗೆ ಚುಚ್ಚುತ್ತಿತ್ತು. ಮುಖವಿಟ್ಟು ಮೂಸಿದರೆ ಕೆಸರು, ಗುಡ್ಡದ ಬೂದಿ, ಅವುಗಳ ಕೆಳಗೆಲ್ಲೋ ಆಯಿ. ಬೇಸಿಗೆ ಬಂತು. ಹಾಸುಗಲ್ಲು ಕಾದು ಊರು ಹಂಚಿನಂತಾಯಿತು. ಒಂದು ಮಧ್ಯಾಹ್ನ ಸುಳಿಗಾಳಿ ಗಾಯರಾಣದ ಉಳಿದ ಮಣ್ಣನ್ನು ಎತ್ತಿಕೊಂಡು, ಬದುವಿನಲ್ಲಿದ್ದ ಆಯಿಯ ಸಮಾಧಿಯ ಮೇಲೆ ಹಾದು, ಅಲ್ಲಿಂದಲೂ ಒಂದಿಷ್ಟು ತೆಗೆದುಕೊಂಡು ಖಣಿಗೆ ಇಳಿಯಿತು. ಶೈಲಶ್ರೀ ಬಾಗಿಲಲ್ಲಿ ನಿಂತು ನೋಡಿದಳು. ಮನೆಯೊಳಗೆ ಗೂಟದಲ್ಲಿ ಕಂಬಳಿ. ಹೊರಗೆ ದಿನದಿನವೂ ಕರಗುತ್ತಿರುವ ಆಯಿ.

ಮಿರಗದ, ಅಂದರೆ ಮೃಗಶಿರಾ ಮಳೆಯ ಮೋಡ ಕಟ್ಟಿದ ದಿನ ಅವಳು ಕಂಬಳಿ ಇಳಿಸಿಕೊಂಡು ಭೀಮಶಾನ ಹಟ್ಟಿಗೆ ಹೋದಳು.

"ಮುತ್ಯಾ, ಕುರಿ ಉಣ್ಣಿ ಕತ್ತರಿಸೋ ಕತ್ತರಿ ತಗೊಂಡು ಬಾ."

ಮರುದಿನ ಅವಳು ಗಾಯರಾಣ ತಲುಪುವ ಮುಂಚೆಯೇ ಸುದ್ದಿ ಕೇಳಿದವರು ಅಲ್ಲಿ ಸೇರಿದ್ದರು. ಇನ್ನೂ ತುಸು ಕುಂಟುತ್ತ ಬಸ್ಸಿಳಿದ ಪ್ರೀತಿ, ಅವಳ ಹಿಂದೆ ತಮ್ಮಣ್ಣ, ರಜೆ ಹಾಕಿ ಬಂದ ಭಗವಂತ, ಊರ ಹೆಂಗಸರು, ಒಂದು ಕಾಲಕ್ಕೆ ಖಣಿಯಲ್ಲಿ ಕಲ್ಲು ಸೀಳುತ್ತಿದ್ದ ಫಕೀರಸಾಬ. ಎಲ್ಲರೂ ಮಣ್ಣಿಗೆ ಬಂದವರು ನಿಲ್ಲುವ ಹಾಗೆ ನಿಂತಿದ್ದರು.

ಭೀಮಶಾ ಕತ್ತರಿಯನ್ನು ಅವಳ ಕೈಗೆ ಕೊಟ್ಟ. ಮೊದಲ ಸಲ ಕತ್ತರಿ ಉಣ್ಣೆಯಲ್ಲಿ ಸಿಕ್ಕಿಕೊಂಡಿತು. ಎರಡನೆಯ ಸಲಕ್ಕೆ ಕಂಬಳಿ ಬಾಯಿಬಿಟ್ಟಿತು. ಆಮೇಲೆ ಅವಳಿಗೆ ಆಗಲಿಲ್ಲ. ಭೀಮಶಾ ಕತ್ತರಿ ತೆಗೆದುಕೊಂಡು ಅಂಗೈಯಗಲ ಅಂಗೈಯಗಲ ತುಂಡು ಮಾಡಿದ, ಕುರಿಗೆ ನೋಯಬಾರದೆಂಬಷ್ಟು ಜೋಪಾನವಾಗಿ.

"ಮೂತಿ ಕೆಳಗ ಇಡ್ರಿ. ತಿಳೀತಿಲ್ಲ? ಮೂತಿ ಕೆಳಗ!" ಎಂದು ಗದರಿದ. "ಮೀಸೆ ಬಂದ ಮ್ಯಾಲ ನನ್ನ ಕುರಿಗೆ ಚುಚ್ಚಲಿ, ನೋಡ್ಕೋತೀನಿ ಒಬ್ಬೊಬ್ಬರನ್ನ."

ಯಾರೋ ನಕ್ಕರು. ಒಬ್ಬೊಬ್ಬರೂ ಒಂದೊಂದು ತುಂಡು ಹಿಡಿದು ಇಳಿಜಾರಿಗೆ ಹರಡಿಕೊಂಡರು. ಫಕೀರಸಾಬ ಕಲ್ಲಿನ ಬಿರುಕುಗಳನ್ನು ಕೈಯಿಂದ ತಡವಿ ತೋರಿಸಿದ. "ಇಲ್ಲಿ ಇಡ್ರಿ. ಇದು ಆಳ ಅದ." ಬಿರುಕಿನಲ್ಲಿ ತುಂಡು, ತುಂಡಿನ ಮೇಲೆ ಒಂದು ಹಿಡಿ ಮಣ್ಣು. ಹಾಕುವಾಗ ಅವನು ತುಟಿಯಲ್ಲೇ ಏನೋ ಅಂದುಕೊಂಡ. "ನಮ್ಮಾಗೂ ಹಿಡಿ ಮಣ್ಣು ಕೊಡ್ತೀವಿ ತಂಗಿ," ಎಂದ. ಗುರುಲಿಂಗಯ್ಯನವರು ಒಂದೊಂದು ಹಿಡಿಗೂ ಶಿವನ ಹೆಸರು ಹೇಳುತ್ತ ಇಳಿಜಾರಿನುದ್ದಕ್ಕೂ ನಡೆದರು.

ಕೊನೆಯ ತುಂಡು ಶೈಲಶ್ರೀಯ ಕೈಯಲ್ಲಿ ಉಳಿಯಿತು. ಕಂಬಳಿಯ ಅಂಚು. ಚಿಕ್ಕಂದಿನಲ್ಲಿ ಅವಳು ಚೀಪುತ್ತ ಮಲಗುತ್ತಿದ್ದ ಅಂಚು.

"ಅದೊಂದು ಇಟ್ಕೋ ಲೇ," ಎಂದಳು ಪ್ರೀತಿ. "ಯಾರೂ ಏನೂ ಅನ್ನಂಗಿಲ್ಲ."

ಅವಳು ಅದನ್ನು ತಿರುಗಿಸಿ ನೋಡಿದಳು. ಕೆಳಗಿನ ಮಗ್ಗುಲಿನಲ್ಲಿ ಬೀಜಗಳು ಮೂತಿ ಹೊರಗಿಟ್ಟು ಕಾಯುತ್ತಿದ್ದವು. ಒಮ್ಮೆ ಮೂಸಿದಳು. ಬದುವಿಗೆ ನಡೆದು, ಸಮಾಧಿಯ ನೆತ್ತಿಯ ಮೇಲೆ ಅದನ್ನು ಹಾಸಿದಳು. ಬಗ್ಗಿ ಒಂದು ಹಿಡಿ ಮಣ್ಣು ತುಂಬಿಕೊಂಡಳು. ಕೈ ಬಿಚ್ಚಲು ಬಹಳ ಹೊತ್ತು ಹಿಡಿಯಿತು.

ಬಿಚ್ಚಿದಳು.

ಮಳೆ ಬಂತು. ಮೊದಲು ದೂರದ ಖಣಿಯ ಮೇಲೆ, ಆಮೇಲೆ ಇಳಿಜಾರಿನ ಮೇಲೆ, ಆಮೇಲೆ ಅವಳ ಬೆನ್ನ ಮೇಲೆ. ಜನ ಮರದಡಿಗೆ ಓಡಿದರು. ಅವಳು ಅಲ್ಲೇ ಮೊಣಕಾಲೂರಿ ಕುಳಿತಳು. ಕೆಂಪು ನೀರು ಹರಿದು ಬಂತು, ಬದುವಿಗೆ ಬಡಿಯಿತು. ಅವಳು ಹಾಕಿದ ಹಿಡಿ ಮಣ್ಣಿನ ಅಂಚು ಕರಗಿತು. ಒರಟು ಉಣ್ಣೆಯನ್ನು ಹಿಡಿದುಕೊಂಡು ಉಳಿದದ್ದು ನಿಂತಿತು. ಮಣ್ಣಿನಿಂದ ಹೊರಗೆ ಇಣುಕಿದ್ದ ಒಂದು ಮೀಸೆ ನಡುಗಿತು. ಪಕ್ಕದ್ದು ನಡುಗಿತು. ಆಮೇಲೆ ಎಲ್ಲವೂ ಮೆಲ್ಲಗೆ, ಆಯಿಯ ಬೆರಳಿನಂತೆ, ತಿರುಗುತ್ತ ತಿರುಗುತ್ತ ಒಳಗೆ ಹೋದವು.

"ಊರಿದೆ ಆಯಿ," ಎಂದಳು ಶೈಲಶ್ರೀ.